ಬಲಗಡೆಯ ಕಿಂಡಿ

ಕಡೂರಿನ ಕೋಮಲಾಳಿಗೆ ಗಿಟಾರಿನ ವಿಷಯದಲ್ಲಿ ಗೊತ್ತಿದ್ದುದೆಲ್ಲ ಅಡುಗೆಮನೆಯ ಹೊಸಿಲಲ್ಲಿ ಕೂತು ಕಲಿತದ್ದು. ಮಗಳು ಅಶ್ವಿನಿ ಕಾಲೇಜು ಮುಗಿಸಿ ಬಂದು ನಡುಮನೆಯಲ್ಲಿ ಗಿಟಾರ್ ಹಿಡಿದು ಕೂತರೆ, ತಾಯಿ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಹೊಸಿಲಿಗೆ ಬಂದು ಕೂರುತ್ತಿದ್ದಳು. ಬಿಡಿಸುವ ಕೈ ಬಿಡಿಸುತ್ತಲೇ ಇರುತ್ತಿತ್ತು, ಕಿವಿ ಮಾತ್ರ ಮಗಳ ಕಡೆ.

ಶಿವಮೊಗ್ಗದಲ್ಲಿ ಯಾರೋ ಬಳಸಿ ಬಿಟ್ಟ ಒಂದು ಪೆಡಲನ್ನು ಅಶ್ವಿನಿ ತಂದ ಮೇಲೆ ಕಲಿಯುವುದು ಇನ್ನೂ ಜಾಸ್ತಿಯಾಯಿತು. ಗಿಟಾರಿನ ದನಿಗೆ ಎಕೋ ಸೇರಿಸುವ, ಸಾಬೂನು ಡಬ್ಬಿಗಿಂತ ತುಸು ದೊಡ್ಡದಾದ ನೀಲಿ ಕಬ್ಬಿಣದ ಪೆಟ್ಟಿಗೆ. ಮೇಲೆ ತಿರುಗಿಸುವ ಗುಂಡಿಗಳು, ಕೆಳಗೆ ಕಾಲಿನಿಂದ ಒತ್ತುವ ಹಲಗೆ. ಮಗಳು ಮೊದಲ ಸಲ ಅದನ್ನು ಕಾಲಿನ ಹೆಬ್ಬೆರಳಲ್ಲಿ ಒತ್ತಿದಾಗ ಕೋಮಲಾ ಮೊರವನ್ನು ಕೆಳಗಿಟ್ಟೇಬಿಟ್ಟಳು.

"ಕಾಲಲ್ಲಿ ತುಳೀತೀಯಲ್ಲೇ. ಅದೂ ವಿದ್ಯೆ ಅಲ್ವಾ?"

"ಒತ್ತೋಕೇ ಇರೋದು ಕಣಮ್ಮ. ಕಾರಿನ ಬ್ರೇಕಿಗೆ ಯಾರಾದ್ರೂ ಕೈ ಮುಗೀತಾರಾ?"

"ಆಯುಧಪೂಜೆ ದಿನ ನಾನು ಮುಗೀತೀನಿ."

ಅಶ್ವಿನಿ ನಕ್ಕಳು. ಆಮೇಲೆ ತಾಯಿಯನ್ನು ಹತ್ತಿರ ಕೂರಿಸಿಕೊಂಡು, ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ ಎಲ್ಲವನ್ನೂ ತೋರಿಸಿದಳು. ಗಿಟಾರಿನಿಂದ ಬಂದ ವೈರು ಪೆಟ್ಟಿಗೆಯ ಈ ಪಕ್ಕದಿಂದ ಒಳಗೆ ಹೋಗುತ್ತದೆ. ಆ ಪಕ್ಕದಲ್ಲಿ ಹೊರಗೆ ಬರಲು ಎರಡು ಕಿಂಡಿ, ಒಂದು ಎಡಕ್ಕೆ, ಒಂದು ಬಲಕ್ಕೆ.

"ಎರಡಕ್ಕೂ ವೈರು ಹಾಕಿ ಎರಡು ಸ್ಪೀಕರ್ ಬಾಕ್ಸಿಗೆ ಕೊಟ್ರೆ ಸ್ಟೀರಿಯೋ. ನಾನು ಮೀಟಿದ್ದು ಎಡಗಡೆ ಬಾಕ್ಸಲ್ಲಿ ಬರುತ್ತೆ, ಅದರ ಎಕೋ ಬಲಗಡೆ ಬಾಕ್ಸಲ್ಲಿ. ಎಡಕ್ಕೆ ಒಂದೇ ಹಾಕಿದ್ರೆ ಎರಡೂ ಕೂಡ್ಕೊಂಡು ಅದ್ರಲ್ಲೇ ಬರುತ್ತೆ. ಅದು ಮೋನೋ."

"ಬಲಕ್ಕೆ ಒಂದೇ ಹಾಕಿದ್ರೆ?"

"ನೋಡು."

ಅಶ್ವಿನಿ ಎಡಗಡೆಯ ವೈರು ಕಿತ್ತು ತಂತಿ ಮೀಟಿದಳು. ಮೀಟಿದ ಸದ್ದೇ ಇಲ್ಲ. ಅದರ ನೆರಳಿನಂಥದ್ದೊಂದು ಬಲಗಡೆಯ ಬಾಕ್ಸಿನಿಂದ ಮೆಲ್ಲಗೆ ಬಂತು, ಪಕ್ಕದ ಬೀದಿಯ ಯಾರದೋ ಮನೆಯಲ್ಲಿ ನುಡಿಸುತ್ತಿದ್ದಾರೇನೋ ಎನ್ನುವ ಹಾಗೆ.

"ಇದೇ ಚೆನ್ನಾಗಿದೆ ಕಣೇ. ಮೆತ್ತಗೆ."

"ಸಾರೇ ಇಲ್ದೆ ಬರೀ ಒಗ್ಗರಣೆ ಬಡಿಸಿದಂಗಿದೆ" ಎಂದು ಅಶ್ವಿನಿ ಎಡಗಡೆಯ ವೈರನ್ನು ಮತ್ತೆ ಚುಚ್ಚಿದಳು.

ಅಂದಿನಿಂದ ವೈರು ಜೋಡಿಸುವುದು ತಾಯಿಯ ಕೆಲಸವೂ ಆಯಿತು. ಒಗೆದ ಬಟ್ಟೆ ಮಡಿಸುವಷ್ಟೇ ಅಚ್ಚುಕಟ್ಟಾಗಿ ಆಕೆ ವೈರುಗಳನ್ನು ಸುತ್ತಿ ಚೀಲಕ್ಕೆ ಹಾಕುತ್ತಿದ್ದಳು. ಎರಡು ಬಾಕ್ಸುಗಳ ನಡುವೆ ಕೂತು ಕಾಯಿ ತುರಿಯುವಾಗ ಮಗಳ ಗಿಟಾರಿನ ದನಿ ತಲೆಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಹಾರಿಹೋಗುತ್ತಿತ್ತು. ಆ ಹೊತ್ತಿನ ಹೆಮ್ಮೆಯನ್ನು ಆಕೆ ಯಾರ ಮುಂದೆಯೂ ಹೇಳಿಕೊಂಡವಳಲ್ಲ. ಹಾಗೆ ಹೇಳಿಕೊಳ್ಳದೆ ಇದ್ದುದರಲ್ಲೇ ಒಂದು ಅಳುಕು ಆಗಲೇ ಬಂದು ಕೂತಿತ್ತೋ ಏನೋ.

ಅಜ್ಜಂಪುರದಲ್ಲಿ ಕೋಮಲಾಳ ಗಂಡನ ಅಕ್ಕ ಪ್ರೇಮಮ್ಮನ ಮನೆ. ಆಕೆಯ ಮಗ ಓಂಕಾರೇಶನ ಮದುವೆ ನಿಶ್ಚಯವಾದಾಗ ಅವನೇ ಫೋನ್ ಮಾಡಿ, "ಆರತಕ್ಷತೆಗೆ ನೀನೇ ನುಡಿಸ್ಬೇಕು ಅಶ್ವಿನಿ, ಆರ್ಕೆಸ್ಟ್ರಾ ಗಲಾಟೆ ಬೇಡ" ಎಂದು ಕೇಳಿಕೊಂಡ. ಅಶ್ವಿನಿಯ ಗೆಳತಿ ಸಂಹಿತಾ ಹಾಡುವುದು, ಇವಳು ನುಡಿಸುವುದು ಎಂದಾಯಿತು. ಆ ಮದುವೆಗೆ ತರೀಕೆರೆಯ ಹೊನ್ನೇಶ್ ಬರುತ್ತಾನೆ ಎನ್ನುವುದು ಹುಡುಗಿಯರಿಗೆ ಅದಕ್ಕಿಂತ ದೊಡ್ಡ ಸುದ್ದಿ. ಹೊನ್ನೇಶನದು ಸ್ವಂತ ವಾದ್ಯಗೋಷ್ಠಿ, ಸುತ್ತಲ ನಾಲ್ಕು ತಾಲೂಕಿನಲ್ಲಿ ಹೆಸರು. ಅವನ ಗಿಟಾರಿನವನು ಬಿಟ್ಟುಹೋಗಿದ್ದ. "ಮದ್ವೇಲಿ ಕೇಳ್ತೀನಿ, ಚೆನ್ನಾಗಿದ್ರೆ ತಗೋತೀನಿ" ಎಂದಿದ್ದ. ಅಶ್ವಿನಿ ಒಂದು ತಿಂಗಳು ದಿನವೂ ಮದುವೆಯಲ್ಲಿ ನುಡಿಸುವ ಹಾಡುಗಳನ್ನೇ ಅಭ್ಯಾಸ ಮಾಡಿದ್ದಳು. ಇದೆಲ್ಲ ಕೋಮಲಾಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಆಕೆ ಮುಂದೆ ಎಂದೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಮದುವೆಯ ದಿನ ಬೆಳಗ್ಗೆ ಧಾರೆ ಮುಗಿದು, ಮಧ್ಯಾಹ್ನದ ಆರತಕ್ಷತೆಗೆ ವೇದಿಕೆ ಸಿದ್ಧವಾಗುತ್ತಿತ್ತು. ಅಶ್ವಿನಿ ಬಾಕ್ಸುಗಳನ್ನು ಹುಡುಕಿದರೆ ವೇದಿಕೆಯ ಪಕ್ಕ ಒಂದೇ ಇದೆ.

"ಇನ್ನೊಂದೆಲ್ಲಿ ಕರಿಯಣ್ಣ?" ಎಂದು ಸೌಂಡಿನವನನ್ನು ಕೇಳಿದಳು.

"ಊಟದ ಹಾಲಲ್ಲಿ ಐತೆ ತಾಯಿ."

"ಅಲ್ಯಾಕೆ?"

"ಅಲ್ಯಾಕೆ ಅಂದ್ರೆ? ಉಣ್ಣೋರ್ಗೆ ಹಾಡ್ ಬ್ಯಾಡ್ವಾ? ಮಂತ್ರ ಆಗ್ಲಿ, ಹಾಡಾಗ್ಲಿ, ಎಲೆ ಮುಂದೆ ಕೂತೋರ್ಗೂ ಕೇಳ್ಬೇಕು. ಈ ಸೀಮೇಲಿ ಎಲ್ಲಾ ಮದ್ವೇಲೂ ಹಂಗೇ. ಅದನ್ನ ತಂದು ಇಲ್ಲಿ ಮಡಗಿದ್ರೆ ಬೀಗ್ರು ನನ್ನ ಬಯ್ತಾರೆ."

ಅಶ್ವಿನಿ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಯೋಚಿಸಿದಳು. ಎಡಗಡೆಯದು ಮದುವೆ ಹಾಲಿನಲ್ಲಿ, ಬಲಗಡೆಯದು ಊಟದ ಹಾಲಿನಲ್ಲಿ ಎಂದಾದರೆ ಇಲ್ಲಿಯವರಿಗೆ ಸಾರು, ಅಲ್ಲಿಯವರಿಗೆ ಒಗ್ಗರಣೆ. "ಹೋಗ್ಲಿ ಬಿಡಮ್ಮ, ಮೋನೋ ಮಾಡ್ತೀನಿ" ಎಂದು ತಾಯಿಗೆ ಹೇಳಿ ಎಡಗಡೆಯ ಕಿಂಡಿಗೆ ಒಂದೇ ವೈರು ಹಾಕಿದಳು. ಕರಿಯಣ್ಣ ಅದನ್ನು ತನ್ನ ಸೌಂಡ್ ಮಿಕ್ಸರಿಗೆ ಕೊಟ್ಟು ಎರಡೂ ಬಾಕ್ಸಿಗೆ ಹಂಚಿದ. ಒಮ್ಮೆ ಮೀಟಿ ನೋಡಿದಳು. ದನಿ ದುಂಡಗೆ ತುಂಬಿಕೊಂಡು ಬಂತು. ಊಟದ ಹಾಲಿನಿಂದ ಯಾರೋ "ಹಾಂ, ಬತ್ತಾ ಐತೆ" ಎಂದು ಕೂಗಿದರು.

"ಅಮ್ಮ, ನಾವು ಸೀರೆ ಬದಲಾಯಿಸ್ಕೊಂಡು ಬರ್ತೀವಿ. ಮಕ್ಕಳು ತುಳಿದಾರು, ಇಲ್ಲೇ ಕೂತು ನೋಡ್ಕೋ."

ಕೋಮಲಾ ಪೆಡಲಿನ ಪಕ್ಕ ವೇದಿಕೆಯ ಅಂಚಿನಲ್ಲಿ ಕೂತಳು. ಪ್ರೇಮಮ್ಮ ಅಲ್ಲಿಗೆ ಬಂದದ್ದು ಆಗಲೇ. ರೇಷ್ಮೆ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ, ನಗುನಗುತ್ತಲೇ ಮಾತು ತೆಗೆದಳು.

"ಏನೇ ಕೋಮಲಾ, ಕಾವಲಿಗೆ ಕೂತಿದ್ಯಾ?"

"ಹೂಂ ಅಕ್ಕ, ಮಕ್ಕಳು ತುಳೀತಾರೆ ಅಂತ."

"ಅಲ್ಲಿ ಮೂರನೇ ಸಾಲಲ್ಲಿ ನೋಡು. ಚೌಳಹಿರಿಯೂರಿನವ್ರು ಬಂದವ್ರೆ. ಒಬ್ನೇ ಮಗ, ಮಠದ ಶಾಲೇಲಿ ಮೇಷ್ಟ್ರು, ಒಳ್ಳೇ ಮನೆತನ. ನಿನ್ನ ಮಗಳನ್ನ ನೋಡ್ಲಿ ಅಂತ್ಲೇ ಹೇಳಿ ಕರ್ಸಿದೀನಿ ಕಣೇ."

ಕೋಮಲಾ ಪೆಡಲನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡಳು.

"ನಾನು ನಮ್ಮ ಓಂಕಾರಂಗೇ ತಂದ್ಕೊಳಾಣ ಅಂತಿದ್ದೆ. ಆದ್ರೆ ಈ ಗಿಟಾರು, ಡಬ್ಬಿ, ವೈರು ಇವುಕ್ಕೆಲ್ಲ ನಮ್ಮನೇಲಿ ಜಾಗ ಎಲ್ಲೈತೆ ಹೇಳು?" ಪ್ರೇಮಮ್ಮ ಮತ್ತೆ ನಕ್ಕಳು. "ಹುಡ್ಗ ಕೇಳ್ದ, ನುಡಿಸ್ಲಿ ಬಿಡು. ನಾನೇನೂ ಬ್ಯಾಡ ಅನ್ನಲ್ಲಪ್ಪ. ಆದ್ರೆ ಝಯ್ಯ್ ಅಂತ ಎದೆ ಒಡೆಯೋ ಹಂಗೆ ಬ್ಯಾಡ. ಹೆಣ್ಮಗಳ ಕೈ ಮೆತ್ತಗಿದ್ರೆ ಚೆಂದ. ನಿಂಗೆ ತಿಳೀದ್ದೇನೈತೆ."

ಆಕೆ ಹೋದ ಮೇಲೂ ಆ ಮಾತು ಅಲ್ಲೇ ಕೂತಿತ್ತು. ಕೋಮಲಾ ಮೂರನೇ ಸಾಲಿನ ಕಡೆ ನೋಡಿದಳು. ವಿಭೂತಿ ಧರಿಸಿದ ಹಿರಿಯರೊಬ್ಬರು, ಪಕ್ಕದಲ್ಲಿ ಅವರ ಹೆಂಡತಿ. ಆ ಹೆಂಗಸು ಗಿಟಾರನ್ನೂ ತನ್ನನ್ನೂ ಒಟ್ಟಿಗೆ ನೋಡುತ್ತಿದ್ದಾಳೆ ಅನ್ನಿಸಿತು. ನೋಡುತ್ತಿದ್ದಳೋ ಇಲ್ಲವೋ, ಕೋಮಲಾಳ ಕಿವಿಯ ತುದಿ ಬಿಸಿಯಾಯಿತು. ಮನೆಯಲ್ಲಿ ನುಡಿಸಿದ್ದಕ್ಕೆ ಹೆಮ್ಮೆಪಟ್ಟ ತಾಯಿಗೆ ಇಲ್ಲಿ, ಇಷ್ಟು ಜನರ ಮುಂದೆ, ಮಗಳು ಅದನ್ನು ಹೆಗಲಿಗೆ ಹಾಕಿಕೊಂಡು ನಿಲ್ಲುತ್ತಾಳಲ್ಲ ಎಂದು ನಾಚಿಕೆಯಾಯಿತು. ನುಡಿಸಬೇಡ ಎನ್ನಲು ಬಾಯಿ ಬರದು. ನುಡಿಸಲಿ ಎಂದು ಎದೆಯೆತ್ತಿ ಕೂರುವ ಧೈರ್ಯವೂ ಇಲ್ಲ.

ಮೆತ್ತಗಿದ್ದರೆ ಸಾಕಲ್ಲ.

ಕೈ ಮುಂದೆ ಹೋಯಿತು. ಎಡಗಡೆಯ ಕಿಂಡಿಯಿಂದ ವೈರು ಕಿತ್ತು ಬಲಗಡೆಯ ಕಿಂಡಿಗೆ ಚುಚ್ಚಿದಳು. ಟಿಕ್ ಎಂದು ಸಣ್ಣ ಸದ್ದು. ಮಗಳು ಕಲಿಸಿದ ಹಾಗೆಯೇ ಕೊನೆಯವರೆಗೂ ಒತ್ತಿದ್ದಳು, ಸಡಿಲ ಬಿಟ್ಟಿರಲಿಲ್ಲ. ಆಮೇಲೆ ಸೆರಗಿನಿಂದ ಪೆಡಲಿನ ಮೇಲಿನ ಧೂಳನ್ನೂ ಒರೆಸಿದಳು.

ಗಂಡು ಹೆಣ್ಣು ಬಂದು ಕುರ್ಚಿಯಲ್ಲಿ ಕೂತರು. ಸಂಹಿತಾ ಮೈಕ್ ಹಿಡಿದಳು, ಅಶ್ವಿನಿ ಗಿಟಾರಿನ ಪಟ್ಟಿ ಹೆಗಲಿಗೇರಿಸಿದಳು. ಮುಂದಿನ ಸಾಲಿನಲ್ಲಿ ಹೊನ್ನೇಶ್ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ.

ಮೊದಲ ಮೀಟಿಗೆ ಏನೂ ಕೇಳಲಿಲ್ಲ. ಕೈ ಆಡಿದ ಮೇಲೆ ದನಿ ಬಂತು, ಮೆತ್ತಗೆ, ದೂರದಿಂದ. ಅಷ್ಟೇ ಆಗಿದ್ದರೆ ಆಗುತ್ತಿತ್ತು. ಆದರೆ ಅದು ತಡವಾಗಿ ಬರುತ್ತಿತ್ತು. ಸಂಹಿತಾ ಒಂದು ಮಾತು ಹಾಡಿ ಮುಂದಿನ ಮಾತಿಗೆ ಹೋಗುವಷ್ಟರಲ್ಲಿ ಹಿಂದಿನ ಮಾತಿಗೆ ಗಿಟಾರು ಬರುತ್ತಿತ್ತು. ಮನೆಯಲ್ಲಿ ಅಶ್ವಿನಿ ಒಂದೇ ಸಲ ಮೀಟಿ ತೋರಿಸಿದ್ದಳಲ್ಲ, ಕೋಮಲಾಳಿಗೆ ಇದು ಹೊಳೆದೇ ಇರಲಿಲ್ಲ. ಸಂಹಿತಾ ಗಿಟಾರಿಗಾಗಿ ನಿಧಾನಿಸಿದಳು, ಅಶ್ವಿನಿ ಹಾಡಿಗಾಗಿ ಓಡಿದಳು, ಇಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತ ದಾರಿ ತಪ್ಪಿದರು. ಹಿಂದಿನ ಸಾಲಿನಲ್ಲಿ ಯಾರೋ, "ಎತ್ತು ಏರಿಗೆ, ಕೋಣ ನೀರಿಗೆ" ಎಂದರು. ನಗು ಎದ್ದಿತು. ಹೊನ್ನೇಶ್ ಪಕ್ಕದವನಿಗೆ ಏನೋ ಹೇಳಿ ಎದ್ದು ಊಟದ ಹಾಲಿನ ಕಡೆ ನಡೆದ.

ಹಾಡು ನಡುವಿನಲ್ಲೇ ನಿಂತಿತು. ಪ್ರೇಮಮ್ಮನ ಗಂಡ ಷಡಕ್ಷರಿ ಸಿಟ್ಟಿನಿಂದ ಬಂದರು.

"ಏನೋ ಕರಿಯಣ್ಣ, ನನ್ನ ಮಗನ ಮದ್ವೇಗೆ ಕೆಟ್ಟಿರೋ ಸಾಮಾನೇ ಸಿಕ್ತೇನೋ ನಿಂಗೆ?"

"ನನ್ನ ಸಾಮಾನಿಗೇನೂ ಆಗಿಲ್ಲ ಸ್ವಾಮಿ. ಮೈಕು ಸರಿಯಾಗೇ ಬತ್ತಾ ಐತಲ್ಲ."

"ಎದುರು ಮಾತು ಬೇರೆ. ಹೋದ ಸಲ ಮಠದ ಕಾರ್ಯಕ್ರಮದಲ್ಲೂ ಹಿಂಗೇ ಮಾಡ್ದೆ."

ಕರಿಯಣ್ಣ ತಲೆ ತಗ್ಗಿಸಿ ವೈರು ಒಂದೊಂದಾಗಿ ಮುಟ್ಟಿ ನೋಡತೊಡಗಿದ. ಕೋಮಲಾ ಕೂತಲ್ಲೇ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅಶ್ವಿನಿ ಮಂಡಿಯೂರಿ ಪೆಡಲಿನ ಹತ್ತಿರ ಬಗ್ಗಿದಳು. ಬಗ್ಗಿದವಳು ಹಾಗೇ ಉಳಿದಳು. ಎಡದಲ್ಲಿ ತಾನೇ ಹಾಕಿದ್ದ ವೈರು ಬಲದಲ್ಲಿದೆ. ಅಲ್ಲಿ ಕಾವಲಿಗೆ ಕೂತವರು ಯಾರು, ಯಾವ ಕಿಂಡಿಯಲ್ಲಿ ಏನು ಬರುತ್ತದೆಂದು ಆ ಮಂಟಪದಲ್ಲಿ ತನ್ನನ್ನು ಬಿಟ್ಟರೆ ಯಾರಿಗೆ ಗೊತ್ತು ಎಂದು ಲೆಕ್ಕ ಹಾಕಲು ಅವಳಿಗೆ ಹೊತ್ತು ಬೇಕಾಗಲಿಲ್ಲ. ತಲೆಯೆತ್ತಿ ತಾಯಿಯನ್ನು ನೋಡಿದಳು. ಆ ನೋಟದಲ್ಲಿ ಕೋಪವಿದ್ದಿದ್ದರೆ ಕೋಮಲಾ ತಡೆದುಕೊಳ್ಳುತ್ತಿದ್ದಳು. ಇದ್ದದ್ದು ಬರೀ ಗಾಬರಿ, ಸಂತೆಯಲ್ಲಿ ತಾಯಿಯ ಕೈ ಬಿಟ್ಟುಹೋದ ಮಗುವಿನದು.

ಅಶ್ವಿನಿ ಎದ್ದು ಮೈಕಿನ ಹತ್ತಿರ ಹೋದಳು.

"ಕರಿಯಣ್ಣನ ತಪ್ಪಲ್ಲ ಮಾವ. ನಾನೇ ವೈರು ತಪ್ಪು ಹಾಕ್ಬಿಟ್ಟಿದ್ದೆ. ಎಲ್ರೂ ಕ್ಷಮಿಸಿ."

ಬಲದಿಂದ ಕಿತ್ತು ಎಡಕ್ಕೆ ಹಾಕಿ ಸಂಹಿತಾಳಿಗೆ ತಲೆಯಾಡಿಸಿದಳು. ಹಾಡು ಮೊದಲಿನಿಂದ ಶುರುವಾಯಿತು. ಅಷ್ಟರಲ್ಲಿ ಜನ ಫೋಟೋ ತೆಗೆಸಿಕೊಳ್ಳಲು ಸಾಲುಗಟ್ಟಿದ್ದರು, ಮುಂದಿನ ಕುರ್ಚಿಗಳು ಖಾಲಿಯಾಗಿದ್ದವು.

ಕೋಮಲಾ ಎದ್ದಳು. ಊಟದ ಹಾಲಿಗೆ ಹೇಗೆ ಹೋದಳೋ ಅವಳಿಗೇ ನೆನಪಿಲ್ಲ. ಅಲ್ಲಿ ಹೋಳಿಗೆ ಬಡಿಸುತ್ತಿದ್ದರು. ಪ್ರೇಮಮ್ಮ ತುಪ್ಪದ ಗಿಂಡಿ ಹಿಡಿದು ಪಂಕ್ತಿಯಲ್ಲಿ ಬರುತ್ತಿದ್ದಳು. ಆಗಲೇ ಎದ್ದು ಬಂದಿದ್ದ ಚೌಳಹಿರಿಯೂರಿನವರೂ ಎಲೆಯ ಮುಂದಿದ್ದರು. ಹೊನ್ನೇಶ್ ಕೊನೆಯಲ್ಲಿ ಕೂತು ಕೋಸಂಬರಿ ತಿನ್ನುತ್ತಿದ್ದ. ಅವನ ಎಲೆಯ ಎದುರು ನಿಂತಳು.

"ನಾನು ಅಶ್ವಿನಿ ತಾಯಿ. ವೈರು ಬದಲಾಯಿಸಿದ್ದು ಅವಳಲ್ಲ. ನಾನು."

ಅಕ್ಕಪಕ್ಕದವರು ತಲೆಯೆತ್ತಿದರು. ಪ್ರೇಮಮ್ಮನ ಕೈಯ ಗಿಂಡಿ ನಿಂತಿತು. ಅಷ್ಟು ಜನರ ಕಣ್ಣು ತನ್ನ ಮೇಲೆ ಬಿದ್ದದ್ದೇ ಕೋಮಲಾಳ ಬಾಯಿಂದ ಇನ್ನೊಂದು ಮಾತು ಜಾರಿತು.

"ಗೊತ್ತಾಗ್ದೆ ಹಂಗೆ ಮಾಡ್ಬಿಟ್ಟೆ. ಧೂಳು ಒರೆಸ್ತಾ ಕಿತ್ತೋಯ್ತು, ಯಾವುದಕ್ಕೋ ಹಾಕ್ದೆ."

ಪಂಕ್ತಿಯಲ್ಲಿ ಹಗುರವಾದ ನಗು ಹರಿಯಿತು. "ಪಾಪ, ಹೆಂಗಸ್ರಿಗೆ ಅದೆಲ್ಲ ಎಲ್ಲಿ ಗೊತ್ತಾಗ್ಬೇಕು" ಎಂದರು ಚೌಳಹಿರಿಯೂರಿನ ಹಿರಿಯರು. ಪ್ರೇಮಮ್ಮ, "ಮಿಕ್ಸಿ ವೈರಂದ್ಕೊಂಡ್ಲು ನಮ್ಮ ಕೋಮಲಾ" ಎಂದಳು. ನಗು ಇನ್ನಷ್ಟಾಯಿತು. ಎಲ್ಲರೂ ಕ್ಷಮಿಸಿಬಿಟ್ಟಿದ್ದರು. ತಿಂಗಳುಗಟ್ಟಲೆ ಮಗಳು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದನ್ನು ಆ ಒಂದು ಮಾತಿನಲ್ಲಿ ತಾಯಿ ಇಲ್ಲವೆಂದುಬಿಟ್ಟಿದ್ದಳು. ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಗೋಡೆಯ ಮೇಲಿನ ಬಾಕ್ಸಿನಿಂದ ಅಶ್ವಿನಿಯ ಗಿಟಾರು ಬರುತ್ತಿತ್ತು. ಈಗ ದುಂಡಗೆ, ಹಾಡಿನ ಕೈ ಹಿಡಿದುಕೊಂಡು. ಹೊನ್ನೇಶ್ ಅಗಿಯುವುದನ್ನು ನಿಲ್ಲಿಸಿದ. ಹಾಡು ಮುಗಿಯುವವರೆಗೂ ಎಲೆಯನ್ನು ಮುಟ್ಟಲಿಲ್ಲ.

"ಕೈ ಚೆನ್ನಾಗದೆ ಕಣಮ್ಮ ಹುಡುಗೀದು" ಎಂದ. "ಮುಂದಿನ ತಿಂಗಳು ತರೀಕೆರೇಲಿ ಒಂದು ಪ್ರೋಗ್ರಾಂ ಇದೆ, ಬರೋಕೇಳಿ. ಆದ್ರೆ ಒಂದೇ ಒಂದು ಮಾತು."

"ಏನಪ್ಪಾ?"

"ಸ್ಟೇಜ್ ಹತ್ರ ನೀವು ಬರ್ಬೇಡಿ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವನೂ ನಕ್ಕ. ತಮಾಷೆಗೇ ಅಂದಿದ್ದ. ಕೋಮಲಾ ಕೈ ಮುಗಿದು, "ಬರಲ್ಲಪ್ಪ" ಎಂದಳು.

ಸಂಜೆಯ ಬಸ್ಸಿನಲ್ಲಿ ಸಂಹಿತಾ ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಗಿಟಾರು ಅಶ್ವಿನಿಯ ಮಂಡಿಗಳ ನಡುವೆ ಇತ್ತು. ಯಾವಾಗಲೂ ತಾಯಿಯ ತೊಡೆಯ ಮೇಲಿರುತ್ತಿದ್ದ ವೈರಿನ ಚೀಲವನ್ನೂ ಈ ದಿನ ಅವಳೇ ಇಟ್ಟುಕೊಂಡಿದ್ದಳು. ಬೀರೂರು ದಾಟಿದ ಮೇಲೆ ಅವಳೇ ಮಾತು ತೆಗೆದಳು.

"ಊಟದ ಹಾಲಲ್ಲಿ ಹೇಳಿದ್ಯಂತೆ. ಅತ್ತೆ ಎಲ್ಲರ ಹತ್ರಾನೂ ಹೇಳ್ಕೊಂಡು ನಗ್ತಾ ಇದ್ರು."

"ಹೂಂ."

"ಗೊತ್ತಾಗ್ದೆ ಹಾಕ್ದೆ ಅಂದ್ಯಂತೆ." ಅಶ್ವಿನಿ ತಾಯಿಯ ಕಡೆ ತಿರುಗಿದಳು. "ನಿಜವಾಗ್ಲೂ ಗೊತ್ತಾಗ್ಲಿಲ್ವಾ ಅಮ್ಮ? ಮರ್ತೋಗಿತ್ತಾ?"

ದನಿ ಮೃದುವಾಗಿತ್ತು. ಹೂಂ ಎಂದುಬಿಡು, ನಾನು ನಂಬುತ್ತೇನೆ ಎಂದು ಬಾಗಿಲು ತೆರೆದು ಹಿಡಿದ ಹಾಗಿತ್ತು. ಕೋಮಲಾ ಆ ಬಾಗಿಲನ್ನು ನೋಡಿದಳು. ಇನ್ನೂ ಒಂದು ಸಲ ಸುಳ್ಳು ಹೇಳಿದರೆ ಇಬ್ಬರಿಗೂ ಸುಖ.

"ಗೊತ್ತಿತ್ತು" ಎಂದಳು.

ಅಶ್ವಿನಿ ಚೀಲದ ಹಿಡಿಯನ್ನು ಕೈಗೆ ಸುತ್ತಿಕೊಂಡಳು.

"ಮೆತ್ತಗೆ ಬರ್ಲಿ ಅಂತ ಹಾಕ್ದೆ. ನಿನ್ನ ಯಾರೂ ಏನೂ ಅನ್ಬಾರ್ದು ಅಂತ. ಅಲ್ಲ, ನನ್ನ ಯಾರೂ ಅನ್ಬಾರ್ದು ಅಂತ. ತಡವಾಗಿ ಬರುತ್ತೆ ಅನ್ನೋದು ಮಾತ್ರ ಹೊಳೀಲಿಲ್ಲ ಕಣೇ."

"ಬೇಡ ಅಂದಿದ್ರೆ ನಾನು ನುಡಿಸ್ತಾನೇ ಇರ್ಲಿಲ್ಲ."

"ಅದಕ್ಕೇ ಅನ್ಲಿಲ್ಲ."

ಅಶ್ವಿನಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಡೂರು ಬಂದಾಗ ಗಿಟಾರು, ಚೀಲ ಎರಡನ್ನೂ ತಾನೇ ಹೊತ್ತು ಇಳಿದಳು. ತಾಯಿ ಖಾಲಿ ಕೈಯಲ್ಲಿ ಹಿಂದೆ ನಡೆದಳು. ಎರಡು ಕೈಗಳನ್ನೂ ಏನು ಮಾಡಬೇಕೆಂದು ತಿಳಿಯದೆ ಸೆರಗು ಹಿಡಿದುಕೊಂಡಳು.

ಆಮೇಲೆ ಮನೆಯಲ್ಲಿ ಎಂದಿನ ಹಾಗೆ ಮಾತುಕತೆ ನಡೆಯಿತು. ಊಟಕ್ಕೆ ಬಾ, ಬಂದೆ. ಮಳೆ ಬರೋ ಹಂಗಿದೆ, ಬಟ್ಟೆ ತೆಗಿ. ಆದರೆ ಒಂದು ದಿನ ನಡುಮನೆ ಗುಡಿಸುವಾಗ ಕೋಮಲಾ ಪೆಡಲನ್ನು ನೋಡಿದಳು. ಬಲಗಡೆಯ ಕಿಂಡಿಯ ಮೇಲೆ ಕರೀ ಇನ್ಸುಲೇಷನ್ ಟೇಪ್ ಅಂಟಿಸಿತ್ತು, ಒಂದರ ಮೇಲೊಂದು ಅಡ್ಡಡ್ಡ. ನೋಡುತ್ತ ನಿಂತದ್ದನ್ನು ಅಶ್ವಿನಿ ಗಮನಿಸಿದಳು.

"ಧೂಳು ಹೋಗ್ಬಾರ್ದು ಅಂತ" ಎಂದಳು.

"ಒಳ್ಳೇದಾಯ್ತು" ಎಂದು ಕೋಮಲಾ ಪೊರಕೆಯನ್ನು ಸ್ವಲ್ಪ ದೂರದಿಂದಲೇ ಆಡಿಸಿದಳು. ಅಂದಿನಿಂದ ಆ ಪೆಟ್ಟಿಗೆಯ ಸುತ್ತ ಒಂದು ಗೇಣು ನೆಲ ಗುಡಿಸದೆಯೇ ಉಳಿಯುತ್ತಿತ್ತು. ಅವರೆಕಾಯಿಯ ಕಾಲ ಮುಗಿದಿತ್ತು. ಹೊಸಿಲಿಗೆ ಬಂದು ಕೂರಲು ಬೇರೆ ನೆಪವನ್ನು ಆಕೆ ಹುಡುಕಲಿಲ್ಲ. ಒಲೆಯ ಮುಂದೆ ನಿಂತೇ ಕೇಳುತ್ತಿದ್ದಳು.

ತರೀಕೆರೆಗೆ ಹೊರಡುವ ಮಧ್ಯಾಹ್ನ ಆಕೆ ದೋಸೆಗೆ ರುಬ್ಬುತ್ತಿದ್ದಳು. ನಡುಮನೆಯಿಂದ ಕೆರೆಯುವ ಸದ್ದು ಬರುತ್ತಿತ್ತು. ಮಧ್ಯೆ ಮಧ್ಯೆ ಅಶ್ವಿನಿ ಗೊಣಗುತ್ತಿದ್ದಳು. ಆಮೇಲೆ ಕರೆ ಬಂತು.

"ಅಮ್ಮ, ಬಾ ಇಲ್ಲಿ."

ಕೋಮಲಾ ಕೈ ತೊಳೆದು ಹೋಗಿ ಬಾಗಿಲಲ್ಲಿ ನಿಂತಳು. ಅಶ್ವಿನಿ ಪೆಡಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಅಲ್ಲಿ ಎರಡು ಬಾಕ್ಸೂ ಸ್ಟೇಜ್ ಮೇಲೇ ಇಡ್ತಾರಂತೆ. ಸ್ಟೀರಿಯೋ ಕೊಡ್ಬಹುದು." ತಲೆಯೆತ್ತದೆಯೇ ಪೆಟ್ಟಿಗೆಯನ್ನು ಮುಂದೆ ಚಾಚಿದಳು. "ಈ ಟೇಪ್ ಬರ್ತಾ ಇಲ್ಲ. ನಂಗೆ ಉಗುರಿಲ್ಲ. ನೀನೇ ಕೀಳು."

ತಂತಿ ಒತ್ತುವವರು ಉಗುರನ್ನು ಬುಡದವರೆಗೆ ಕತ್ತರಿಸಿಕೊಳ್ಳುತ್ತಾರೆ, ಅದು ಕೋಮಲಾಳಿಗೆ ಗೊತ್ತಿತ್ತು. ಚಾಕು ಮನೆಯಲ್ಲೇ ಇದೆ ಎನ್ನುವುದೂ ಇಬ್ಬರಿಗೂ ಗೊತ್ತಿತ್ತು. ಆಕೆ ಕೂತು, ಹೆಬ್ಬೆರಳ ಉಗುರಿನಿಂದ ಟೇಪಿನ ಅಂಚನ್ನು ಮೆಲ್ಲಗೆ ಎಬ್ಬಿಸಿದಳು. ಗಟ್ಟಿಯಾಗಿ ಅಂಟಿಸಿದ್ದಳು ಮಗಳು. ಒಂದು ಪದರ ಬಂತು, ಅದರ ಕೆಳಗೆ ಇನ್ನೊಂದು. ಎಲ್ಲ ಬಂದ ಮೇಲೂ ಕಿಂಡಿಯ ಸುತ್ತ ಅಂಟು ಉಳಿದಿತ್ತು. ಬೆರಳಿಗೆ ಕೊಬ್ಬರಿ ಎಣ್ಣೆ ಮುಟ್ಟಿಸಿಕೊಂಡು, ಒಳಗೆ ಇಳಿಯದ ಹಾಗೆ, ತಾಳ್ಮೆಯಿಂದ ಉಜ್ಜಿದಳು.

ಅಶ್ವಿನಿ ಪೆಡಲನ್ನು ತಿರುಗಿಸಿ ನೋಡಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲ ತನಕ ಹೋಗಿ ಚಪ್ಪಲಿ ಮೆಟ್ಟುತ್ತ, "ಬತ್ತೀನಮ್ಮ" ಎಂದಳು.

"ಹೋಗ್ಬಾ" ಎಂದಳು ಕೋಮಲಾ. ಜೊತೆಗೆ ಹೋಗುವವಳ ಹಾಗೆ ಎರಡು ಹೆಜ್ಜೆ ಬಂದವಳು ಹೊಸಿಲಲ್ಲೇ ನಿಂತಳು.

ಒಳಗೆ ಬಂದು ಮತ್ತೆ ಕೈ ತೊಳೆದಳು. ಬೆರಳ ತುದಿಯ ಅಂಟು ಪೂರ್ತಿ ಹೋಗಿರಲಿಲ್ಲ. ರುಬ್ಬಿದ ಹಿಟ್ಟನ್ನು ಪಾತ್ರೆಗೆ ಬಳಿಯುವಾಗ ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ತಾಕಿ, ಅಂಟಿ, ಬಿಡುತ್ತಿದ್ದವು.